ಕೆರೆ ರಸ್ತೆಯ ಆ ಶನಿವಾರ

ನಮ್ಮ ಮನೆಯ ಹೆಡ್‌ಮೇಡಂಗೆ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಮೂರು ಸಲ ಹೇಳಲು ಹೊರಟೆ ಕೂಡ. ಮೊದಲ ಸಲ ನಿನ್ನ ಆಸ್ಪತ್ರೆಯಲ್ಲಿ ಯಾರೋ ನಿನ್ನನ್ನು ಕೂಗಿದರು. ಎರಡನೇ ಸಲ ನೀನೇ, "ಅಮ್ಮಾ, ಮಂಡಿಗೆ ಹೇಳಿಕೊಟ್ಟ ವ್ಯಾಯಾಮ ಮಾಡ್ತಿದ್ದೀಯೋ ಇಲ್ಲ ಸುಮ್ನೆ ಹೂಂ ಅಂತಿದ್ದೀಯೋ?" ಎಂದು ಗದರಿಸಿದೆ. ಮೂರನೇ ಸಲ ಯಾವ ಅಡ್ಡಿಯೂ ಇರಲಿಲ್ಲ, ನನಗೇ ಬಾಯಿ ಬರಲಿಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸುತ್ತಿ ಬಳಸುವುದಿಲ್ಲ. ನಾನು ಮತ್ತೆ ಬೈಕ್ ಓಡಿಸುತ್ತಿದ್ದೇನೆ.

ಈಗ ನೀನು ಕಾಗದವನ್ನು ಮೇಜಿನ ಮೇಲೆ ಮಗುಚಿಟ್ಟು, ಕನ್ನಡಕ ತೆಗೆದು, ಮೂಗಿನ ಮೇಲಿನ ಗುರುತು ಉಜ್ಜಿಕೊಳ್ಳುತ್ತಿರುತ್ತೀಯ. ಉಜ್ಜಿಕೋ. ಆಮೇಲೆ ಮುಂದೆ ಓದು. ಇದಕ್ಕಿಂತ ದೊಡ್ಡದು ಇನ್ನೂ ಇದೆ.

ನಾನು ಬೈಕ್ ಓಡಿಸುತ್ತಿದ್ದ ಕಾಲ ನಿನಗೆ ಅರ್ಧಂಬರ್ಧ ನೆನಪಿರಬಹುದು. ಬಿಳಿ ಕೋಟು, ಅದರ ಮೇಲೊಂದು ಹಳೆಯ ಜಾಕೆಟ್ಟು, ಹಿಂದಿನ ಸೀಟಿಗೆ ರಬ್ಬರ್ ಪಟ್ಟಿಯಿಂದ ಬಿಗಿದ ನೀಲಿ ಐಸ್ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಲಸಿಕೆ. ಗುಡ್ಡದ ಮೇಲಿನ ಹಳ್ಳಿಗಳಿಗೆ ದಿನಕ್ಕೊಂದೇ ಬಸ್ಸು, ಅದೂ ಮನಸ್ಸು ಬಂದರೆ. ಬೇರೆ ನರ್ಸುಗಳು ಆ ಸುತ್ತಿಗೆ ಹೋಗಲು ಮೂಗು ಮುರಿಯುತ್ತಿದ್ದರು. ನಾನು ಮಾತ್ರ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಎಲ್ಲರೂ ನನ್ನನ್ನು ತ್ಯಾಗಮಯಿ ಎಂದುಕೊಂಡರು. ನಿಜ ಹೇಳಲೇ? ಹೋಗುವಾಗ ಹದಿನೆಂಟು ಕಿಲೋಮೀಟರ್, ಬರುವಾಗ ಹದಿನೆಂಟು ಕಿಲೋಮೀಟರ್. ಅಷ್ಟು ಹೊತ್ತು ನಾನು ಯಾರ ಹೆಂಡತಿಯೂ ಅಲ್ಲ, ಅಮ್ಮನೂ ಅಲ್ಲ, ಸಿಸ್ಟರೂ ಅಲ್ಲ. ಎರಡನೇ ಗೇರಿನಿಂದ ಮೂರಕ್ಕೆ ಬೀಳುವಾಗ ಇಂಜಿನ್ನಿನ ಗದ್ದಲ ಇಳಿದು ಒಂದೇ ಹದಕ್ಕೆ ಬರುತ್ತದಲ್ಲ, ಆಗ ನನ್ನ ತಲೆಯೊಳಗಿನ ಗದ್ದಲವೂ ಇಳಿಯುತ್ತಿತ್ತು.

ನೀನು ಏಳು ವರ್ಷದವಳಿದ್ದಾಗ ನಾನು ಬಿದ್ದೆ. ಅದು ನಿನಗೆ ಚೆನ್ನಾಗಿ ನೆನಪಿದೆ, ನನಗೆ ಗೊತ್ತು. ಶನಿವಾರ. ನಿನಗೆ ಅರ್ಧ ದಿನದ ಶಾಲೆ, ಹನ್ನೆರಡೂವರೆಗೆ ನಾನೇ ಬಂದು ಕರೆದುಕೊಂಡು ಹೋಗಬೇಕಿತ್ತು. ಬರಲಿಲ್ಲ. ಐದೂವರೆಗೆ ನಿಮ್ಮಪ್ಪ ಬಂದರು. ನಾನು ಕಾಲರ್ ಬೋನ್ ಮುರಿದುಕೊಂಡು, ಗಲ್ಲಕ್ಕೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದೆ. ನೀನು ಅಳಲಿಲ್ಲ. ಹೆಗಲಿನ ಚೀಲವನ್ನೂ ಇಳಿಸದೆ ಮಂಚದ ಪಕ್ಕ ನಿಂತು, "ಇನ್ನೊಂದ್ಸಲ ಅದನ್ನ ಮುಟ್ಟಿದ್ರೆ ನಿನ್ನ ಹತ್ರ ಮಾತೇ ಆಡಲ್ಲ" ಎಂದೆ. ನಿಮ್ಮಪ್ಪ ಹಗುರ ಮಾಡಲು, "ಎಷ್ಟು ದಿನ ಮಾತಾಡಲ್ಲ?" ಎಂದು ಕೇಳಿದರು. ನೀನು ಯೋಚಿಸಿ, "ಯಾವತ್ತೂ" ಎಂದೆ. ಅಂದಿನಿಂದಲೇ ಅವರು ನಿನ್ನನ್ನು ಹೆಡ್‌ಮೇಡಂ ಎಂದು ಕರೆಯಲು ಶುರು ಮಾಡಿದ್ದು. ನಾನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟೆ. ಬೈಕು ಹಾಲಿನವನ ಪಾಲಾಯಿತು.

ಆಮೇಲೆ ಇಪ್ಪತ್ತೊಂದು ವರ್ಷ ಬಸ್ಸು. ಕಿಟಕಿ ಪಕ್ಕ ಕೂತು ಗುಡ್ಡ ಹತ್ತುವಾಗ ನನ್ನ ಎಡಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಒಮ್ಮೆ ಜೊತೆಯಲ್ಲಿದ್ದ ನಿಮ್ಮಪ್ಪ ಅದನ್ನು ನೋಡಿ, "ಡ್ರೈವರಿಗೆ ಹೇಳ್ಲಾ, ಗೇರ್ ನೀನೇ ಹಾಕ್ತಿದ್ದೀಯ ಅಂತ?" ಎಂದಿದ್ದರು. ಇಬ್ಬರೂ ನಕ್ಕಿದ್ದೆವು. ಉಳಿದ ದಾರಿಯಲ್ಲಿ ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ.

ಈಗ ಹೇಗೆ ಶುರುವಾಯಿತೆಂದರೆ, ನಿವೃತ್ತಿಯಾಗಿ ನಾಲ್ಕು ತಿಂಗಳಾಗಿತ್ತು, ಲೈಸೆನ್ಸ್ ನವೀಕರಿಸಲು ಹೋಗಿದ್ದೆ. ಕಿಟಕಿಯ ಆಚೆ ನಿನ್ನ ವಯಸ್ಸಿನ ಗುಮಾಸ್ತೆ. "ಅಮ್ಮಾ, ಇದ್ರಲ್ಲಿ ಕಾರೂ ಇದೆ, ಬೈಕೂ ಇದೆ. ಅವಧಿ ಮುಗಿದು ಬಾಳ ದಿನ ಆಗಿದೆ. ಬೈಕ್ ಬೇಕಂದ್ರೆ ಮತ್ತೆ ಟೆಸ್ಟ್ ಕೊಡ್ಬೇಕು. ತೆಗೆದುಬಿಡ್ಲಾ?" ಎಂದಳು. ಕೇಳಬೇಕಾದ್ದನ್ನೇ ಕೇಳಿದ್ದಳು. ಹೂಂ ಎನ್ನಲೆಂದೇ ನಾನು ಬಾಯಿ ತೆರೆದದ್ದು. ಹೊರಗೆ ಬಿದ್ದದ್ದು "ತೆಗೀಬೇಡಿ" ಎಂಬ ಮಾತು, ಅದೂ ಎಷ್ಟು ಜೋರಾಗಿ ಎಂದರೆ ಹಿಂದೆ ಸಾಲಿನಲ್ಲಿದ್ದವರು ತಲೆಯೆತ್ತಿ ನೋಡಿದರು.

ಮುಚ್ಚಿಹೋದ ನೂಲಿನ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರ್ ಡ್ರೈವಿಂಗ್ ಕಲಿಸುತ್ತಾರೆ. ಎಲ್ಲರೂ ಅವರನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಾರೆ. ಗುಡ್ ಮಾರ್ನಿಂಗ್ ಎಂದರೂ "ಬ್ರೇಕ್ ನೋಡ್ಕೊಂಡ್ರಾ?" ಎಂದೇ ಉತ್ತರ. ನಿಮ್ಮಪ್ಪನಿಗೆ ಲೈಬ್ರರಿಗೆ ಹೋಗಿಬರುತ್ತೇನೆಂದು ಹೇಳಿ ಬೆಳಿಗ್ಗೆ ಹತ್ತಕ್ಕೆ ಅಲ್ಲಿಗೆ ಹೋಗತೊಡಗಿದೆ. ನನಗೆಲ್ಲ ಬರುತ್ತದೆ, ಹತ್ತಿ ಕೂತರೆ ಸಾಕು ಎಂಬ ಜಂಬವಿತ್ತು. ಮೊದಲ ದಿನ ಏಳು ಸಲ ಇಂಜಿನ್ ಆಫ್ ಮಾಡಿದೆ. "ಅಮ್ಮಾ, ಅದು ಕ್ಲಚ್ಚು, ಒದ್ದೆ ಬಟ್ಟೆ ಅಲ್ಲ. ಹಿಂಡ್ಬೇಡಿ, ನಿಧಾನಕ್ಕೆ ಬಿಡಿ" ಎಂದರು ಮೇಷ್ಟ್ರು. ಎಂಟನೇ ಸಲ ಬೈಕು ಹೊರಟಿತು. ಮೈದಾನದ ಆ ತುದಿಯ ತುಕ್ಕು ಹಿಡಿದ ಗೇಟಿನವರೆಗೆ ಹೋಗಿ ತಿರುಗಿಸಿಕೊಂಡು ಬಂದೆ, ಅಷ್ಟೇ. ಹೆಲ್ಮೆಟ್ಟಿನೊಳಗೆ ಅಳುತ್ತಿದ್ದೆನೆಂದು ಮೇಷ್ಟ್ರಿಗೆ ತಿಳಿಯದಿರಲಿ ಎಂದು ಇನ್ನೊಂದು ಸುತ್ತು ಹೊಡೆದೆ.

ಹನ್ನೊಂದನೇ ದಿನ ಬಿದ್ದೆ. ಎಂಟರ ಆಕಾರದಲ್ಲಿ ತಿರುಗಿಸುವಾಗ ಮುಂದಿನ ಚಕ್ರ ಸಣ್ಣ ಕಲ್ಲಿನ ಮೇಲೆ ಜಾರಿತು. ಮಂಡಿ ತರಚಿತು, ಪ್ಯಾಂಟು ಹರಿಯಿತು, ಬೇರೇನೂ ಆಗಲಿಲ್ಲ. ಮಂಡಿ ಮಡಚಿ ಬಿಚ್ಚಿ ನೀನು ಹೇಳಿಕೊಟ್ಟಂತೆಯೇ ಪರೀಕ್ಷೆ ಮಾಡಿಕೊಂಡೆ. ಮನೆಗೆ ಬಂದು ಬಚ್ಚಲಿನಲ್ಲಿ ಜಾರಿದೆ ಎಂದೆ.

ಇಡೀ ಊರಿಗೆ ಬಟ್ಟೆ ಹೊಲಿಯುವವರ ಮುಂದೆ ಹರಿದ ಪ್ಯಾಂಟು ಹಿಡಿದುಕೊಂಡು ನಾನು ಹೇಳಿದ ಸುಳ್ಳು ನೋಡು! ನಿಮ್ಮಪ್ಪ ಮಿಷನ್ ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ, ಪ್ಯಾಂಟನ್ನು ಬೆಳಕಿಗೆ ಹಿಡಿದರು. "ಬಚ್ಚಲಲ್ಲಿ ಬಿದ್ರೆ ಬಟ್ಟೆ ಒದ್ದೆ ಆಗುತ್ತೆ. ಹಿಂಗೆ ಎಳೆ ಎಳೆಯಾಗಿ ಉಜ್ಜಿ ಹೋಗಲ್ಲ. ಎಷ್ಟು ದಿನದಿಂದ?" ಎಂದು ಕೇಳಿದರು.

"ಹನ್ನೊಂದು."

ಅವರು ಬೈಯಲಿಲ್ಲ. ಕತ್ತರಿ ಎತ್ತಿಕೊಂಡು ಹರಿದ ಅಂಚನ್ನು ಸರಿ ಮಾಡತೊಡಗಿದರು. ಅವರು ಬೈದಿದ್ದರೆ ನಾನೂ ಎರಡು ಮಾತಾಡಿ ಸುಮ್ಮನಾಗುತ್ತಿದ್ದೆನೇನೋ. ಆ ಕತ್ತರಿಯ ಸದ್ದು ಕೇಳುತ್ತ ಕೂತಿದ್ದವಳಿಗೆ ಇಪ್ಪತ್ತೊಂದು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದು ಬಾಯಿಗೆ ಬಂದುಬಿಟ್ಟಿತು. ಅವರಿಗೆ ಹೇಳಿದ್ದನ್ನೇ ಈಗ ನಿನಗೂ ಹೇಳುತ್ತಿದ್ದೇನೆ.

ಆ ಶನಿವಾರ ನಾನು ಬಿದ್ದದ್ದು ಕೆಲಸದ ಮೇಲೆ ಹೋಗಿದ್ದಾಗ ಅಲ್ಲ, ಮಗಳೇ.

ಗುಡ್ಡದ ಹಳ್ಳಿಯಲ್ಲಿ ಅವತ್ತು ಮಕ್ಕಳು ಕಡಿಮೆ ಬಂದಿದ್ದರು. ಹತ್ತೂವರೆಗೆಲ್ಲ ಲಸಿಕೆ ಹಾಕಿ ಮುಗಿಸಿ, ಪೆಟ್ಟಿಗೆಯನ್ನು ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ ಹೊರಗೆ ಬಂದಾಗ ಹನ್ನೊಂದೂ ಕಾಲು. ನಿನ್ನ ಶಾಲೆ ಬಿಡಲು ಇನ್ನೂ ಒಂದೂ ಕಾಲು ಗಂಟೆ. ಮನೆಗೆ ಬಂದು ಕೂರಬಹುದಿತ್ತು. ಕೆರೆಯ ಸುತ್ತಿನ ರಸ್ತೆಗೆ ಆ ವಾರವಷ್ಟೇ ಹೊಸ ಡಾಂಬರು ಹಾಕಿದ್ದರು. ಮನೆಗೂ ಅದು ದಾರಿಯಲ್ಲ, ಶಾಲೆಗೂ ಅಲ್ಲ. ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯಿಲ್ಲ, ಎದುರಿಗೆ ಕನ್ನಡಿಯಂಥ ರಸ್ತೆ, ಎಡಗಡೆ ನೀರು. ಒಂದು ಸುತ್ತು ಹೊಡೆದೆ. ಸಾಲಲಿಲ್ಲ. ಎರಡನೇ ಸುತ್ತಿನ ತಿರುವಿನಲ್ಲಿ ಕೆಲಸದವರು ಗುಡಿಸದೆ ಬಿಟ್ಟಿದ್ದ ಜಲ್ಲಿ ಇತ್ತು. ಇಟ್ಟಿಗೆ ಲಾರಿಯವನೊಬ್ಬ ನೋಡಿ ಎತ್ತಿಕೊಂಡು ಬರುವಷ್ಟರಲ್ಲಿ ಎರಡು ಗಂಟೆಯಾಗಿತ್ತು. ನನಗೆ ಎಚ್ಚರವಿತ್ತು. ಬಿದ್ದಲ್ಲೇ ಮಲಗಿ, ಶಾಲೆಯ ಗೇಟು ಮುಚ್ಚುವ ಹೊತ್ತಾಯಿತೆಂದು ಲೆಕ್ಕ ಹಾಕುತ್ತಿದ್ದೆ.

ನಮ್ಮ ದೊಡ್ಡ ಡಾಕ್ಟರು ಒಳ್ಳೆಯ ಮನುಷ್ಯ. "ಕರ್ತವ್ಯದ ಮೇಲಿದ್ದಾಗ ಗಾಯಗೊಂಡರು" ಎಂದು ತಾವೇ ವರದಿ ಬರೆದುಬಿಟ್ಟರು. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಆ ಪ್ರಶಂಸಾ ಪತ್ರ ಬಂತು, ನಿಮ್ಮಪ್ಪ ಫ್ರೇಮ್ ಹಾಕಿಸಿದರು, ಅದು ನಡುಮನೆಯ ಗೋಡೆ ಏರಿತು. ಮನೆಗೆ ಯಾರು ಬಂದರೂ ನೀನು ಕೈಹಿಡಿದು ಕರೆದೊಯ್ದು ತೋರಿಸುತ್ತಿದ್ದೆ, "ನಮ್ಮಮ್ಮ ಮಕ್ಕಳಿಗೆ ಚುಚ್ಚುಮದ್ದು ಹಾಕೋಕೆ ಹೋಗಿ ಬಿದ್ದಿದ್ದು" ಎಂದು. ಶಾಲೆಯ ಪ್ರಬಂಧದಲ್ಲಿ ಬರೆದೆ. ಫಿಸಿಯೋಥೆರಪಿ ಓದಲು ಹೋದಾಗ, ಈ ವಿಷಯ ಯಾಕೆ ಆರಿಸಿಕೊಂಡೆ ಎಂದು ಕೇಳಿದವರಿಗೂ ಅದನ್ನೇ ಹೇಳಿದೆಯಂತೆ. ನಿನ್ನ ಬಾಯಲ್ಲಿ ಅದನ್ನು ಕೇಳಿದಾಗಲೆಲ್ಲ ನನ್ನ ಕಣ್ಣು ನೆಲ ನೋಡುತ್ತಿತ್ತು. ನೀನು ಅದನ್ನು ಅಮ್ಮನ ಸಂಕೋಚ ಎಂದುಕೊಂಡೆ.

ನಾನು ಬೈಕು ಬಿಟ್ಟದ್ದು ನಿನಗೆ ಕೊಟ್ಟ ಮಾತಿಗಾಗಿ ಎಂದು ನೀನು ನಂಬಿದ್ದೀಯ. ಅರ್ಧ ಮಾತ್ರ ನಿಜ. ನನ್ನ ಸುಖಕ್ಕೆ ಮಗುವನ್ನು ಗೇಟಿನಲ್ಲಿ ನಿಲ್ಲಿಸಿದವಳಿಗೆ ಆ ಸುಖ ಇನ್ನು ಬೇಡ ಎಂದು ನನಗೆ ನಾನೇ ಶಿಕ್ಷೆ ಬರೆದುಕೊಂಡಿದ್ದೆ.

ಇದೆಲ್ಲ ಕೇಳಿದ ಮೇಲೆ ನಿಮ್ಮಪ್ಪ ಏನೆಂದರು ಗೊತ್ತೇ? "ಗೊತ್ತಿತ್ತು." ಕತ್ತರಿ ಕೆಳಗಿಡಲೂ ಇಲ್ಲ. "ಆವತ್ತು ನಿನ್ನ ಪ್ಯಾಂಟು ಒಗೆದೋನು ನಾನು. ತುಂಬ ಹಸಿ ಡಾಂಬರು. ಎಣ್ಣೆ ಹಾಕಿ ತಿಕ್ಕಿದ್ರೂ ಹೋಗ್ಲಿಲ್ಲ. ಗುಡ್ಡದ ದಾರೀಲಿ ಆಗ ಎಲ್ಲಿತ್ತು ಡಾಂಬರು? ಬರೀ ಮಣ್ಣು."

"ಮತ್ತೆ ಒಂದು ಮಾತೂ ಕೇಳ್ಲಿಲ್ಲವಲ್ರೀ?"

"ಕೇಳಿದ್ರೆ ನೀನು ನಿಜ ಹೇಳ್ಬೇಕಿತ್ತು, ಇಲ್ಲ ಸುಳ್ಳು ಹೇಳ್ಬೇಕಿತ್ತು. ಯಾವುದಕ್ಕೂ ಆಗ ನಿನ್ನ ಹತ್ರ ಶಕ್ತಿ ಇರ್ಲಿಲ್ಲ." ಬಟ್ಟೆಯಿಂದ ಕಣ್ಣೆತ್ತದೆಯೇ ಕೇಳಿದರು, "ಅದಿರ್ಲಿ, ಬೀಳೋಕೆ ಮುಂಚೆ ಖುಷಿಯಾಗಿದ್ಯಾ?"

"ತುಂಬಾ" ಎಂದೆ.

"ಸರಿ ಮತ್ತೆ" ಎಂದರು. ಅಷ್ಟೇ. ಆ ಪ್ಯಾಂಟಿನ ಎರಡು ಮಂಡಿಗೂ ಒಳಗಡೆ ದಪ್ಪ ಬಟ್ಟೆಯ ಮೂರು ಪದರ ಇಟ್ಟು, ಚೌಕ ಚೌಕವಾಗಿ ಹೊಲಿಗೆ ಹಾಕಿಕೊಟ್ಟರು. ಜಾಕೆಟ್ಟಿನ ಮೊಣಕೈಗೂ ಹಾಗೆಯೇ ಮಾಡಿದರು. ಅದನ್ನು ಹಾಕಿಕೊಂಡರೆ ನಾನು ಹಾಸಿಗೆಗೆ ಕೈಕಾಲು ಬಂದ ಹಾಗೆ ಕಾಣುತ್ತೇನೆ.

ಟೆಸ್ಟಿನ ದಿನ ಅವರೇ ಜೊತೆಗೆ ಬಂದರು. ಸಾಲಿನಲ್ಲಿ ಮೀಸೆ ಸರಿಯಾಗಿ ಮೂಡದ ಹುಡುಗರು, ಕೂದಲಿಗೆ ಬಣ್ಣ ಬಳಿದ ಹುಡುಗಿಯರು, ನಡುವೆ ಅರವತ್ತು ದಾಟಿದ ನಾನು. ಮೊದಲ ಸಲ ಎಂಟರ ನಡುವೆ ಕಾಲು ನೆಲಕ್ಕೆ ಇಟ್ಟುಬಿಟ್ಟೆ. ಮುಂದಿನ ವಾರ ಮತ್ತೆ ಹೋದೆ. ಈ ಸಲ ಇಡಲಿಲ್ಲ. ಇನ್ಸ್‌ಪೆಕ್ಟರ್ ಕಾಗದದ ಮೇಲೆ ಗೀಚುತ್ತ, "ಮುಂಚೆ ಓಡಿಸ್ತಿದ್ರಿ ಅನ್ಸುತ್ತೆ" ಎಂದರು. ಹೂಂ ಎಂದೆ. "ಯಾಕೆ ಬಿಟ್ರಿ?" ಎಂದರು. ಅದಕ್ಕೆ ಉತ್ತರ ಕೊಡಹೋಗಿದ್ದರೆ ಅವರ ಊಟದ ಹೊತ್ತು ಮೀರುತ್ತಿತ್ತು. ನಕ್ಕು ಬಂದೆ. ಬ್ರೇಕ್ ಮೇಷ್ಟ್ರು ತಮ್ಮ ಬೈಕುಗಳಲ್ಲೊಂದನ್ನು ನನಗೇ ಬಿಟ್ಟುಕೊಟ್ಟರು. ಬೂದು ಬಣ್ಣದ್ದು, ಹಗುರ, ಕೊಂಚ ಕೆಮ್ಮುತ್ತದೆ.

ಕಳೆದ ಶುಕ್ರವಾರ ಕೆರೆ ರಸ್ತೆಗೆ ಒಬ್ಬಳೇ ಹೋದೆ. ಡಾಂಬರು ಹಳತಾಗಿ ಅಲ್ಲಲ್ಲಿ ಗುಂಡಿ ಬಿದ್ದಿದೆ. ಆ ತಿರುವಿನಲ್ಲಿ ಬೈಕು ನಿಲ್ಲಿಸಿ, ಸ್ಟ್ಯಾಂಡ್ ಹಾಕಿ ದಡದ ಕಲ್ಲಿನ ಮೇಲೆ ಕೂತೆ. ಅಲ್ಲಿ ಕೂತು ನಿನಗೆ ಮನಸ್ಸಿನಲ್ಲೇ ಬೇಕಾದಷ್ಟು ಸಮಜಾಯಿಷಿ ಕೊಟ್ಟೆ. ಒಂದೂ ನಿಲ್ಲಲಿಲ್ಲ. ಖುಷಿ ಪಟ್ಟದ್ದು ತಪ್ಪಲ್ಲ, ಅದನ್ನು ಮುಚ್ಚಿಟ್ಟು ನಿನ್ನ ಕೈಗೆ ಬೇರೊಬ್ಬ ಅಮ್ಮನನ್ನು ಕೊಟ್ಟದ್ದು ತಪ್ಪು. ಮನೆಗೆ ಬಂದು ಗೋಡೆಯ ಮೇಲಿನ ಫ್ರೇಮು ಇಳಿಸಿದೆ. ದೊಡ್ಡ ಡಾಕ್ಟರು ಈಗಿಲ್ಲ. ಆದರೂ ಆರೋಗ್ಯ ಇಲಾಖೆಗೆ ಒಂದು ಪತ್ರ ಬರೆದು ನಡೆದದ್ದನ್ನು ತಿಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ.

ದಿನವೂ ಬೈಕಿನಿಂದ ಬಿದ್ದವರ ಮೂಳೆಗಳ ಜೊತೆ ಒದ್ದಾಡುವವಳು ನೀನು. ನಿನ್ನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬೈ, ಕೇಳಿಸಿಕೊಳ್ಳುತ್ತೇನೆ. ಏಳು ವರ್ಷದವಳು ಹೇಳಿದಂತೆ ಮಾತು ಬಿಟ್ಟರೂ ಕಾಯುತ್ತೇನೆ. ಆದರೆ ಬಿಡುತ್ತೇನೆಂದು ಮಾತ್ರ ಹೇಳಲಾರೆ, ಮತ್ತೊಂದು ಸುಳ್ಳು ಬೇಡ.

ಒಂದನ್ನು ಮಾತ್ರ ಕೇಳಬೇಕಿದೆ. ಇಷ್ಟು ವರ್ಷ ಕೇಳುವ ಧೈರ್ಯ ಬರಲಿಲ್ಲ. ಹನ್ನೆರಡೂವರೆಯಿಂದ ಐದೂವರೆಯವರೆಗೆ ಆ ಗೇಟಿನ ಹತ್ತಿರ ನೀನು ಏನು ಮಾಡುತ್ತಿದ್ದೆ? ಹಸಿವಾಗಿತ್ತೇ? ಯಾರಾದರೂ ನೀರು ಕೊಟ್ಟರೇ? ಪ್ರತಿ ಸಲ ಬೈಕಿನ ಸದ್ದು ಕೇಳಿದಾಗ ಎದ್ದು ನಿಲ್ಲುತ್ತಿದ್ದೆಯಾ? ಒಂದನ್ನೂ ಬಿಡದೆ ಹೇಳು, ನನ್ನನ್ನು ಉಳಿಸಲು ಹೋಗಬೇಡ. ಕ್ಷಮಿಸು ಎಂದು ಇಲ್ಲಿ ಬರೆದು ಮುಗಿಸಿಬಿಡುವುದು ಸುಲಭ. ಮೊದಲು ನಿನ್ನಿಂದ ಅದನ್ನು ಕೇಳಬೇಕು, ಕೇಳಿದ ಮೇಲೆ ಕ್ಷಮೆ ಬೇಡುತ್ತೇನೆ.

ಅಂಚೆ ಡಬ್ಬಿ ನಮ್ಮ ಬೀದಿಯ ಕೊನೆಯಲ್ಲೇ ಇದೆ, ಚಪ್ಪಲಿ ಹಾಕಿಕೊಂಡು ಹೋಗಿ ಹಾಕಿ ಬರಬಹುದು. ನಾನು ಹೊಳೆ ದಾಟಿ, ಆಚೆ ಊರಿನ ಅಂಚೆ ಕಚೇರಿಗೆ ಹೋಗಿ ಹಾಕುತ್ತೇನೆ. ಇಪ್ಪತ್ತಾರು ಕಿಲೋಮೀಟರ್. ಯಾವ ಕೆಲಸವೂ ಇಲ್ಲ ಅಲ್ಲಿ, ರಸ್ತೆ ಚೆನ್ನಾಗಿದೆಯಂತೆ. ನಿಮ್ಮಪ್ಪನಿಗೂ ಹಾಗೆಯೇ ಹೇಳಿದ್ದೇನೆ, ಸುಮ್ಮನೆ ಹೋಗುತ್ತಿದ್ದೇನೆ ಎಂದು.

ನಿನ್ನ ಕೈ ಹಿಡಿದು ನಡೆಯಲು ಕಲಿಯುವವರೆಲ್ಲ ಬೇಗ ತಮ್ಮ ಕಾಲ ಮೇಲೆ ನಿಲ್ಲಲಿ, ನಿನ್ನ ಕೈ ಎಂದೂ ದಣಿಯದಿರಲಿ.

ಹೆಲ್ಮೆಟ್ ಹಾಕಿಕೊಂಡೇ ಹೊರಟಿರುವ,
ನಿನ್ನ ಅಮ್ಮ