ಹಳದಿ ಉಡುಪಿನವಳು ಏನಾದಳು

ಚನ್ನಗಿರಿ
೧೮-೧-೧೯೮೭, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಓಬಣ್ಣ ಭಾವ ಹೇಗಿದ್ದಾರೆ? ಜಗಳೂರಿನ ನೀರು ನಿನ್ನ ಹೊಟ್ಟೆಗೆ ಈಗಲಾದರೂ ಒಗ್ಗಿತೇ, ಇಲ್ಲ ಇನ್ನೂ ಕಾಯಿಸಿ ಆರಿಸಿಯೇ ಕುಡಿಯುತ್ತಿದ್ದೀಯಾ? ಭಾವ ವಿದ್ಯುತ್ ಕಂಬದಿಂದ ಜಾರಿ ಮೊಣಕಾಲು ನೋಯಿಸಿಕೊಂಡರೆಂದು ಬರೆದಿದ್ದೆ. ಊತ ಇನ್ನೂ ಇದ್ದರೆ ಅದು ಪೂರ್ತಿ ಇಳಿಯುವ ತನಕ ಕಂಬ ಹತ್ತುವುದಿಲ್ಲವೆಂದು ಅವರು ಸಾಹೇಬರಿಗೆ ಬರೆದುಕೊಡಲಿ. ಅದು ದಯೆ ಬೇಡುವುದಲ್ಲ, ಕೆಲಸಗಾರನ ಹಕ್ಕು. ಈ ಬಗ್ಗೆ ನನ್ನ ಹತ್ತಿರ ಒಂದು ಕರಪತ್ರವಿದೆ, ಲಕೋಟೆಯಲ್ಲಿ ಇಟ್ಟಿದ್ದೇನೆ, ಭಾವನಿಗೆ ಓದಿ ಹೇಳು. ನನ್ನ ಕೆಮ್ಮು ಹೋಗಿದೆ. ಅಪ್ಪಾಜಿಯೂ ಆರೋಗ್ಯವಾಗಿದ್ದಾರೆ, ಹಾಗೆಂದು ತಿಪ್ಪಮ್ಮ ಹೇಳುತ್ತಾಳೆ.

ನಿನ್ನ ಕಾಗದ ದೀಪಾವಳಿಗೆ ಮುಂಚೆಯೇ ಬಂತು. ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಸೋಮಾರಿತನ ಕಾರಣವಲ್ಲ. ನೀನು ಕೊನೆಯಲ್ಲಿ ಒಂದೇ ಒಂದು ಮಾತು ಕೇಳಿದ್ದೆ: ಅಪ್ಪಾಜಿ ಯಾವಾಗಲಾದರೂ ನನ್ನ ಸುದ್ದಿ ಎತ್ತುತ್ತಾರಾ? ಅದಕ್ಕೆ ನನ್ನಲ್ಲಿದ್ದ ಉತ್ತರ ‘ಇಲ್ಲ’ ಎಂಬುದೊಂದೇ. ಅದನ್ನು ಬರೆಯಲು ಕೈ ಬರಲಿಲ್ಲ. ಎತ್ತುತ್ತಾರೆಂದು ಸುಳ್ಳು ಬರೆಯುವ ಜಾತಿಯವನು ನಾನಲ್ಲ, ನಿನಗೆ ಗೊತ್ತು. ಈಗ ಬರೆಯುವಂಥದ್ದು ನಡೆದಿದೆ. ಆದರೆ ಅದನ್ನು ಜಪಾನಿನಿಂದ ಶುರು ಮಾಡಬೇಕು. ನಗಬೇಡ, ತಾಳ್ಮೆಯಿಂದ ಓದು.

ಮೊದಲು ಮನೆಯ ಸ್ಥಿತಿ ತಿಳಿಸುತ್ತೇನೆ. ನೀನು ಜಾತಿ ನೋಡದೆ ಭಾವನ ಜೊತೆ ರಿಜಿಸ್ಟರ್ ಮದುವೆಯಾದ ಮೇಲೆ ಅಪ್ಪಾಜಿ ಬದುಕಿರುವ ಮಗಳಿಗೆ, ಸತ್ತವರಿಗೆ ಮಾಡುವ ಶಿವಗಣಾರಾಧನೆ ಮಾಡಿಸಿ ಊರಿಗೆಲ್ಲ ಹೋಳಿಗೆ ಹಾಕಿದ್ದು ನಿನಗೆ ಗೊತ್ತೇ ಇದೆ. ಆ ದಿನ ನಾನು ಪಂಕ್ತಿಯಲ್ಲಿ ಕೂರಲಿಲ್ಲ. ಅವತ್ತಿನಿಂದ ಅವರು ನನ್ನೊಡನೆ ನೇರವಾಗಿ ಮಾತಾಡಿಲ್ಲ. ಏನಿದ್ದರೂ ಪಾತ್ರೆ ತೊಳೆಯುವ ತಿಪ್ಪಮ್ಮನ ಮೂಲಕ. ನಾನು ಅಡುಗೆಮನೆಯಲ್ಲೇ ನಿಂತಿರುತ್ತೇನೆ, ಅವರು ಅವಳ ಕಡೆ ತಿರುಗಿ, “ಆ ಮಹಾನುಭಾವಗೆ ಹೇಳವ್ವ, ಸೀಮೆಎಣ್ಣೆ ತೀರೈತೆ” ಎನ್ನುತ್ತಾರೆ. ಅವಳು ನನ್ನ ಕಡೆ ತಿರುಗಿ, “ಕೇಳುಸ್ತಲ್ಲ, ಮಹಾನುಭಾವ” ಎನ್ನುತ್ತಾಳೆ. ಅವಳು ಮಧ್ಯಾಹ್ನ ಮನೆಗೆ ಹೋದರೆ ಮುಗಿಯಿತು, ಮಾರನೇ ದಿನ ಬೆಳಗಿನ ತನಕ ಈ ಮನೆಯಲ್ಲಿ ಮಾತೆಂಬುದಿಲ್ಲ. ಅವ್ವ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಅವರು ಒಂದು ಮೂಲೆಯಲ್ಲಿ ಉಣ್ಣುತ್ತಾರೆ, ನಾನು ಇನ್ನೊಂದು ಮೂಲೆಯಲ್ಲಿ. ಒಬ್ಬರು ಅನ್ನ ಕಲೆಸುವ ಸದ್ದು ಇನ್ನೊಬ್ಬರಿಗೆ ಕೇಳುತ್ತದೆ. ನಾನು ಬಸ್ ನಿಲ್ದಾಣದ ಹತ್ತಿರ ಕೊಂಡ ಕಿರುಪುಸ್ತಿಕೆಗಳನ್ನು ಓದುತ್ತೇನೆ. ಸಮಾಜ ಬದಲಾಗುವ ಬಗ್ಗೆ ಎಷ್ಟೊಂದು ಬರೆದಿದ್ದಾರೆ, ಒಂದೇ ಸೂರಿನಡಿ ಮಾತು ಬಿಟ್ಟ ಅಪ್ಪ ಮಗನ ಬಗ್ಗೆ ಯಾರೂ ಒಂದು ಸಾಲೂ ಬರೆದಿಲ್ಲ. ‘ವಿಚಾರ ವೇದಿಕೆ’ ಎಂದು ಒಂದನ್ನು ಶುರು ಮಾಡಿದೆ. ಮೊದಲ ಸಭೆಗೆ ನಾನೂ, ಬೆಂಚು ಕೊಟ್ಟವನೂ ಇದ್ದೆವು. ಅವನು ಬಂದದ್ದು ಬೆಂಚು ವಾಪಸು ಒಯ್ಯಲು.

ಹೀಗಿರುವಾಗ ಯರ್ರಿಸ್ವಾಮಿ ಎಂಬುವವನು ಜಗಲಿಯಿದ್ದ ಹಳೆಯ ಮಂಡಿಯೊಂದನ್ನು ಬಾಡಿಗೆಗೆ ಹಿಡಿದು ವಿಡಿಯೋ ಹಾಲ್ ಮಾಡಿದ. ಬಾಂಬೆಯಿಂದ ಅವನಿಗೆ ಯಾರೋ ಒಂದು ಕಟ್ಟು ಕ್ಯಾಸೆಟ್ ತಂದುಕೊಟ್ಟಿದ್ದರು, ಎಲ್ಲವೂ ಜಪಾನಿನ ಟೀವಿಯ ಕಥೆ. ಐದು ಜನ ವೀರರು. ಕೆಂಪು, ಕಪ್ಪು, ನೀಲಿ, ಹಸಿರು ಬಟ್ಟೆಯ ನಾಲ್ವರು ಗಂಡಸರು, ಹಳದಿ ಬಟ್ಟೆಯ ಒಬ್ಬಳು ಹೆಣ್ಣು. ಮೈಗಂಟಿದ ಉಡುಪು, ಕುತ್ತಿಗೆಗೆ ವಸ್ತ್ರ, ತಲೆಯಿಂದ ಗದ್ದದ ತನಕ ಮುಚ್ಚಿದ ಟೊಪ್ಪಿಗೆ. ವಾರಕ್ಕೊಬ್ಬ ರಾಕ್ಷಸ ಬರುತ್ತಾನೆ, ಇವರು ಕಲ್ಲುಕ್ವಾರಿಯಲ್ಲಿ ನಿಂತು ಅವನನ್ನು ಬಡಿಯುತ್ತಾರೆ. ಭಾಷೆ ಒಂದಕ್ಷರ ಯಾರಿಗೂ ತಿಳಿಯದು. ಯರ್ರಿಸ್ವಾಮಿಯೇ ಮೈಕು ಹಿಡಿದು ಕಥೆ ಹೇಳುತ್ತಾನೆ, ಅವನಿಗೂ ತಿಳಿಯದು. ಒಂದೇ ಕ್ಯಾಸೆಟ್ಟಿಗೆ ಸೋಮವಾರ ಒಂದು ಕಥೆ, ಮಂಗಳವಾರ ಇನ್ನೊಂದು. ಅದಕ್ಕೇ ಇಡೀ ಪೇಟೆ ಅಲ್ಲಿ ಜಗಳಕ್ಕೆ ಸೇರತೊಡಗಿತು. ಆಟ ಮುಗಿದ ಮೇಲೆ ಯಾರೂ ಏಳುತ್ತಿರಲಿಲ್ಲ.

ಮೊದಲ ಜಗಳ ಟೊಪ್ಪಿಗೆಯದು. ಟೈಲರ್ ನಾಗರಾಜಪ್ಪ, “ಮೂಗಿಗೆ ತೂತಿಲ್ಲ, ಬಾಯಿಗೆ ತೂತಿಲ್ಲ, ಯಾವನ್ರೀ ಇದನ್ನ ಮಾಡ್ದೋನು? ನನ್ನ ಅಂಗಡೀಲಿ ಇಂಗೆ ಮಾಡಿದ್ರೆ ಗಿರಾಕಿ ಹೊಡೀತಾನೆ” ಎಂದ. ಹೋಟೆಲಿನ ಬಸವರಾಜಪ್ಪ, “ಹೊಡೀತಾನೋ ಬಿಡ್ತಾನೋ, ನೀನು ಹೇಳಿದ ದಿನಕ್ಕೆ ಬಟ್ಟೆ ಕೊಟ್ಟರೆ ಅಲ್ವ ಗಿರಾಕಿ ಅದನ್ನ ನೋಡೋದು” ಎಂದರು. ನಾನು ಎದ್ದು ನಿಂತು ಹೇಳಿದೆ: ಮುಖ ಮುಚ್ಚಿದ್ದೇ ಈ ಕಥೆಯ ತಿರುಳು. ಟೊಪ್ಪಿಗೆ ಹಾಕಿದ ಮೇಲೆ ಇವನು ಯಾರ ಮಗ, ಯಾವ ಕೇರಿಯವನು ಎಂದು ಕೇಳುವಂತಿಲ್ಲ, ಬಣ್ಣದಿಂದ ಕೆಲಸ ಗೊತ್ತಾಗುತ್ತದೆಯೇ ಹೊರತು ಹುಟ್ಟು ಗೊತ್ತಾಗುವುದಿಲ್ಲ. ಅಕ್ಕಾ, ನಾನು ಅದನ್ನು ಮನಸಾರೆ ಹೇಳಿದೆ. ನಿನ್ನನ್ನೂ ಭಾವನನ್ನೂ ನೆನೆದೇ ಹೇಳಿದೆ. ಜನ ಕೇಳಿದರು. ನಮ್ಮ ಮನೆಯ ಮೌನದಿಂದ ಎದ್ದು ಹೋದವನಿಗೆ ಅಷ್ಟು ಜನ ಒಟ್ಟಿಗೆ ಮುಖ ಕೊಟ್ಟು ಕೇಳುವುದೇ ಒಂದು ಊಟದಂತಿತ್ತು. ಆಮೇಲೆ ದಿನಾ ಹೋದೆ.

ಅಪ್ಪಾಜಿ ಅಲ್ಲಿಗೆ ಬಂದದ್ದು ಬಟ್ಟೆಯ ನೆಪದಿಂದ. ಸಂತೆಯ ದಿನ ಐದು ಜನಕ್ಕೆ ಅದೇ ಉಡುಪು ಹಾಕಿಸಿ ಪ್ರಚಾರಕ್ಕೆ ಮೆರವಣಿಗೆ ತೆಗೆಯಬೇಕೆಂದು ಯರ್ರಿಸ್ವಾಮಿಯ ಆಸೆ. ಬಟ್ಟೆ ಕೇಳಲು ನಮ್ಮ ಜವಳಿ ಅಂಗಡಿಗೆ ಹೋದನಂತೆ. ಎಂಥ ಬಟ್ಟೆ ಎಂದು ವಿವರಿಸಲು ಬರಲಿಲ್ಲ, “ನೀವೇ ಬಂದು ಒಂದ್ಸಲ ನೋಡ್ರಿ ಅಪ್ಪಾರೆ” ಎಂದನಂತೆ. ಅವರು ಟವಲು ಹೊದ್ದು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಮುಂದಿದ್ದೆ. ಕೆಂಪು ಬಣ್ಣದವನ ತೋಳಿನ ಹೊಲಿಗೆ ನೋಡಿ ಏನೋ ಹೇಳಿದರು. ಹಳದಿಯವಳು ಬಂದಾಗ, “ಇದು ಬೆವರು ಹೀರಾ ಬಟ್ಟೆ ಅಲ್ಲ. ಪಾಪ, ಆ ಹುಡುಗಿ ಇದ್ರಾಗೆ ಹೆಂಗಿರ್ತಾಳೋ” ಎಂದರು. ಅವರ ದನಿ ಮನೆಯಾಚೆ ಎಷ್ಟು ಮೆತ್ತಗಿರುತ್ತದೆಂದು ನನಗೆ ಮರೆತೇ ಹೋಗಿತ್ತು.

ಅವತ್ತಿನ ಕ್ಯಾಸೆಟ್ಟಿನಲ್ಲೇ ಹಳದಿಯವಳು ಬಿದ್ದದ್ದು. ಕ್ವಾರಿಯಲ್ಲಿ ಸ್ಫೋಟ, ಹೊಗೆ, ಹೊಗೆ ತಿಳಿಯಾದ ಮೇಲೆ ಅವಳ ಟೊಪ್ಪಿಗೆ ಮಾತ್ರ ಮಣ್ಣಿನಲ್ಲಿ. ಉಳಿದ ನಾಲ್ವರು ಅದನ್ನು ಎತ್ತಿಕೊಂಡು ಹೋಗಿ ಹೂಳುತ್ತಾರೆ. ಮುಂದಿನ ಕ್ಯಾಸೆಟ್ಟಿನಲ್ಲಿ ಮತ್ತೆ ಹಳದಿಯವಳು ಬಂದಳು. ಅದೇ ಉಡುಪು, ಅದೇ ವಸ್ತ್ರ. ಟೊಪ್ಪಿಗೆ ತೆಗೆದರೆ ಬೇರೆ ಹುಡುಗಿ. ಚನ್ನಗಿರಿ ಎರಡು ಪಾಲಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಸತ್ತಿದ್ದಾಳೆ, ಅವಳ ಬಟ್ಟೆ ಇವಳಿಗೆ ಬಂದಿದೆ ಎಂದು ಒಂದು ಪಾಲು. ಸತ್ತಿಲ್ಲ, ಜಪಾನಿನವರು ಅವಳಿಗೆ ಹೊಸ ಮುಖ ಮಾಡಿಸಿದ್ದಾರೆ ಎಂದು ಇನ್ನೊಂದು ಪಾಲು. ಬಟ್ಟೆ ನೋಡಲೆಂದು ಬಂದ ಅಪ್ಪಾಜಿ ಮಾರನೇ ದಿನವೂ ಬಂದರು. ಅದರ ಮಾರನೇ ದಿನವೂ. ಅಂಗಡಿಯ ಬಾಗಿಲು ಬೇಗ ಹಾಕಿಕೊಂಡು ಬಂದು, ಅದೇ ಎರಡು ಕ್ಯಾಸೆಟ್ ಮತ್ತೆ ಹಾಕಿಸಿ ನೋಡುತ್ತಿದ್ದರು. ಬಟ್ಟೆ ಮಾತ್ರ ಕಳಿಸಲಿಲ್ಲ. ಯರ್ರಿಸ್ವಾಮಿ ಕೇಳಿದರೆ, “ತಡಿಯಪ್ಪ, ಇನ್ನೂ ಸರಿಯಾಗಿ ನೋಡಿಲ್ಲ” ಎನ್ನುತ್ತಿದ್ದರು.

ಇಲ್ಲಿ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಸತ್ತವರ ಬಟ್ಟೆ ಮನೆಯಲ್ಲಿ ಇರಬಾರದೆಂದು ಆ ಊಟದ ದಿನವೇ ನಿನ್ನವನ್ನೆಲ್ಲ ಗಂಟು ಕಟ್ಟಿ ತಿಪ್ಪಮ್ಮನಿಗೆ ಕೊಟ್ಟರು. ಹಸಿರು ಅಂಚಿನ ನಿನ್ನ ಹಳದಿ ದಾವಣಿಯೂ ಹೋಯಿತು, ಅಪ್ಪಾಜಿಯೇ ಅಂಗಡಿಯ ಬಟ್ಟೆಯ ಥಾನಿನಿಂದ ಕತ್ತರಿಸಿಕೊಟ್ಟಿದ್ದು. ತಿಪ್ಪಮ್ಮನ ಮಗಳು ಹನುಮಂತಿ ಈಗ ಬೀಡಿ ಎಲೆ ತರಲು ಪೇಟೆಗೆ ಹೋಗುವಾಗ ಅದನ್ನೇ ಉಡುತ್ತಾಳೆ, ನಮ್ಮ ಅಂಗಡಿಯ ಮುಂದೆಯೇ ಹೋಗುತ್ತಾಳೆ. ಅವಳ ತಪ್ಪೇನಿದೆ, ಕೊಟ್ಟಿದ್ದನ್ನು ಉಟ್ಟಿದ್ದಾಳೆ. ಬೆಳಗ್ಗೆ ಆ ಹೊತ್ತಿಗೆ ಅಪ್ಪಾಜಿ ಗದ್ದುಗೆಯಿಂದ ಎದ್ದು ಒಳಗೆ ಹೋಗಿ ಥಾನುಗಳನ್ನು ಜೋಡಿಸುವುದನ್ನು ಎಷ್ಟೋ ಸಲ ಕಂಡಿದ್ದೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಾರೆ. ವಯಸ್ಸಾಯಿತು, ಮರೆವು ಎಂದುಕೊಂಡಿದ್ದೆ.

ನಿನ್ನೆ ಶನಿವಾರ ಜಗಳ ತಾರಕಕ್ಕೇರಿತು. ನಾನು ಸತ್ತಿದ್ದಾಳೆಂಬ ಪಕ್ಷದವನು. ನನ್ನ ವಾದ ಕರಪತ್ರದ ವಾದ: ಒಬ್ಬರು ಬಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಬರಬೇಕು, ಉಡುಪು ಮುಖ್ಯ, ಒಳಗಿನ ವ್ಯಕ್ತಿ ಮುಖ್ಯವಲ್ಲ, ಬಿದ್ದವಳಿಗಾಗಿ ಅಳುತ್ತಾ ಕೂತರೆ ರಾಕ್ಷಸನನ್ನು ಹೊಡೆಯುವವರು ಯಾರು. ಚಪ್ಪಾಳೆಯೂ ಬಿತ್ತು. ಆಗ ಹಿಂದಿನಿಂದ, “ಬಟ್ಟೆ ಅದೇ ಐತಪ್ಪ” ಎಂಬ ದನಿ ಬಂತು. ತಿರುಗಿದರೆ ಅಪ್ಪಾಜಿ ಎದ್ದು ನಿಂತಿದ್ದಾರೆ, ಟವಲು ಹೆಗಲಿಗೆ ಜಾರಿದೆ. ನನ್ನ ಕಡೆ ನೋಡಲಿಲ್ಲ, ಟೀವಿಯ ಕಡೆ ಕೈ ತೋರಿಸಿ ಹೇಳಿದರು. “ಬಟ್ಟೆ ಅದೇ, ನಡಿಗೆ ಬೇರೆ. ಮೊದಲ್ನೋಳು ಎಡಗಾಲು ಮುಂದಿಟ್ಟು ತಿರುಗ್ತಿದ್ಲು. ಇವಳು ತಿರುಗಲ್ಲ. ಬಟ್ಟೆ ಇನ್ನೊಬ್ಬಳಿಗೆ ಕೊಟ್ಟುಬಿಟ್ರೆ ಇವಳು ಅವಳಾಗ್ತಾಳೇನು? ನಾನು ಮೂವತ್ತು ವರ್ಷದಿಂದ ಬಟ್ಟೆ ಮಾರ್ತೀನಿ, ಅಂಥದ್ದು ಎಲ್ಲೂ ಕಂಡಿಲ್ಲ.” ನಾಗರಾಜಪ್ಪ, “ಅಂದ್ರೆ ಮೊದಲ್ನೋಳು ಸತ್ಲು ಅಂತ ತಾನೆ, ಅಪ್ಪಾರೆ?” ಎಂದ. ಅಪ್ಪಾಜಿ, “ಹೆಣ ತೋರ್ಸಿದ್ರೇನು? ಟೊಪ್ಪಿಗೆ ತೋರ್ಸಿದ್ರು. ಟೊಪ್ಪಿಗೆ ಹೂಳಿ ಸತ್ಲು ಅಂದ್ರೆ ಆಗೋಯ್ತಾ? ಸತ್ತಿಲ್ಲ ಅವಳು. ಎಲ್ಲೋ ಅದಾಳೆ” ಎಂದರು.

ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಜನ ಅವತ್ತು ನಮ್ಮ ಮನೆಯಲ್ಲಿ ಹೋಳಿಗೆ ಉಂಡವರು. ಬಸವರಾಜಪ್ಪನವರ ನಾಲಿಗೆ ನಿನಗೆ ಗೊತ್ತಲ್ಲ, ತಡೆಯದೆ ಕೇಳಿಯೇಬಿಟ್ಟರು: “ಹಂಗಾರೆ ಹೋದ ವರ್ಷ ನಾವು ಉಂಡಿದ್ದು ಯಾವ ಊಟ, ಪಂಚಾಕ್ಷರಪ್ಪಾರೆ?” ಯಾರೋ ನಗಲು ಹೋಗಿ ನಿಲ್ಲಿಸಿದರು. ಅಪ್ಪಾಜಿ ಟವಲು ಎತ್ತಿ ಮುಖ ಒರೆಸಿಕೊಂಡು, “ನಿಮಗೆ ಅರಗೈತೆ, ಬಸವರಾಜಪ್ಪ. ನನಗೆ ಇನ್ನೂ ಅರಗಿಲ್ಲ” ಎಂದು ಹೇಳಿ ಹೊರಗೆ ನಡೆದರು.

ನಾನು ಅವರ ಹಿಂದೆ ಮನೆಗೆ ಬಂದೆ. ಅವರು ಮುಂದೆ, ನಾನು ಹತ್ತು ಮಾರು ಹಿಂದೆ. ಹತ್ತಿರ ಹೋಗಿ ಕೈ ಹಿಡಿಯಬೇಕು ಅನ್ನಿಸಿತು. ಹಿಡಿಯುವುದು ಹೇಗೆಂದು ತಿಳಿಯಲಿಲ್ಲ. ತಿಪ್ಪಮ್ಮ ಮನೆಗೆ ಹೋಗಿಯಾಗಿತ್ತು, ಆದ್ದರಿಂದ ಮಾತಿಲ್ಲ. ಅಪ್ಪಾಜಿ ನನಗೆ ಬಡಿಸಿಟ್ಟ ತಟ್ಟೆ ಮಾತ್ರ ನನ್ನ ಮೂಲೆಯಲ್ಲಿರಲಿಲ್ಲ, ಅವರ ತಟ್ಟೆಯ ಪಕ್ಕ ಇತ್ತು. ಪಕ್ಕಪಕ್ಕ ಕೂತು ಉಂಡೆವು.

ಅಕ್ಕಾ, ಅವರು ನಿನ್ನ ಹೆಸರು ಹೇಳಲಿಲ್ಲ. ಅದನ್ನು ನಾನು ಇದ್ದದ್ದು ಇದ್ದ ಹಾಗೇ ಬರೆಯಬೇಕು. ಮಾಡಿದ್ದು ತಪ್ಪೆಂದೂ ಹೇಳಲಿಲ್ಲ, ಅದನ್ನು ಅವರು ಬಾಯಿಬಿಟ್ಟು ಹೇಳುವ ತನಕ ನಾನು ಬಿಡುವವನೂ ಅಲ್ಲ. ಆದರೆ ನೀನು ಕೇಳಿದ ಪ್ರಶ್ನೆಗೆ ‘ಇಲ್ಲ’ ಎಂದು ಬರೆಯಲು ಇನ್ನು ನನ್ನಿಂದಾಗದು. ಒಳಗಿನ ವ್ಯಕ್ತಿ ಮುಖ್ಯವಲ್ಲ ಎಂದ ನನ್ನ ವಾದ ನಿನ್ನೆ ಎಲ್ಲರ ಎದುರು ಸೋತಿತು. ಸೋತು ಇಷ್ಟು ಹಗುರಾದದ್ದು ಇದೇ ಮೊದಲು.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮೊಣಕಾಲಿಗೆ ಬಿಸಿ ಉಪ್ಪಿನ ಶಾಖ ಕೊಡು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ನೀವಿಬ್ಬರೂ ನೂರು ಕಾಲ ಹೀಗೆಯೇ ಯಾರಿಗೂ ತಲೆಬಾಗದೆ ಬಾಳಬೇಕೆಂದು ಬಯಸುವ,

ನಿನ್ನ ತಮ್ಮ
ಹಾಲೇಶ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಪ್ಪಾಜಿ ಬಂದು ಎದುರಿಗೆ ನಿಂತರು. ಇವತ್ತು ತಿಪ್ಪಮ್ಮ ಬಂದಿಲ್ಲ. ಯಾರಿಗೆ ಬರೆಯುತ್ತಿದ್ದೀಯ ಎಂದು ಕೇಳಲಿಲ್ಲ. ನನ್ನ ಮುಖ ನೋಡಿಯೇ ಹೇಳಿದರು: “ಆ ಲೈನ್‌ಮನ್ನಂದು ಅಂಗಿ ಅಳತೆ ಬೇಕು. ಎದೆ, ತೋಳು, ಕಾಲರು. ಬರೆದು ಕಳಿಸಾಕೆ ಹೇಳು.” ಅಕ್ಕನದು ಬೇಡವಾ ಎಂದೆ. “ಅವಳ್ದು ನನಗೆ ಗೊತ್ತೈತೆ” ಎಂದು ಒಳಗೆ ಹೋದರು. ಕತ್ತರಿಯ ಸದ್ದು ಕೇಳುತ್ತಿದೆ. ಮರುಟಪಾಲಿಗೇ ತಪ್ಪದೆ ಬರೆ. ಇಂಚಿನಲ್ಲೇ ಬರೆ, ಸೆಂಟಿಮೀಟರ್ ಅವರಿಗೆ ಆಗುವುದಿಲ್ಲ.