ಅಂಗಡಿಯಜ್ಜಿ ಕೂಗಿದ್ದು

ಅತ್ತಿಗೆ,

ಬೆಟ್ಟದ ಕಣಿವೆಯಲ್ಲಿ ಏನು ತಿಂದಿರಿ, ಎಲ್ಲಿ ತಂಗಿದಿರಿ ಎಂದು ಕೇಳಿದ್ದೀರಿ.

ಕೊನೆಯ ಚಹಾದಂಗಡಿಯಲ್ಲಿ ಬನ್ನು ತಿಂದು ಹೊರಟೆವು. ಅಂಗಡಿಯಜ್ಜಿ ಹಿಂದಿನಿಂದ ಏನೋ ಕೂಗಿದರು. ಗಾಳಿ ಜೋರಾಗಿತ್ತು.

"ಏನಂತೋ?" ಎಂದ ಅಣ್ಣ.

"ಬಂಡೆ ಹತ್ತಬೇಡ ಅಂತೆ," ಎಂದೆ.

"ಹತ್ತೋಕೆ ನಾವೇನು ಕೋತಿಗಳಾ?" ಎಂದು ನಕ್ಕ.

ಹತ್ತಲಿಲ್ಲ. ಸಂಜೆ ದಾರಿಯಲ್ಲಿ ಸಿಕ್ಕ ಆ ದೊಡ್ಡ ಬಂಡೆಯ ಬುಡದಲ್ಲೇ ಟೆಂಟ್ ಹಾಕಿದೆವು. ಬೆಳಿಗ್ಗೆ ನಾನು ನೀರಿಗೆ ಹೋದಾಗ ಮೇಲಿನ ಕಲ್ಲು ಜಾರಿ ಅಣ್ಣನ ಮೇಲೆ ಬಿತ್ತು.

"ಬಂಡೆ ಹತ್ತಿರ ಬೇಡ ಅಂದಿದ್ನಲ್ಲಪ್ಪಾ!" ಎಂದು ಅಜ್ಜಿ ಆಮೇಲೆ ಅತ್ತರು.

ಎಲ್ಲರೂ ವಿಧಿ ಎನ್ನುತ್ತಾರೆ. ಅಲ್ಲ. ಸರಿಯಾಗಿ ಕೇಳಿಸಲಿಲ್ಲ ಎನ್ನಲು ನನಗೆ ನಾಚಿಕೆಯಾಯಿತು. ಶಾಲೆ ಬಿಡುವವರೆಗೂ ಅಲ್ಲಿ ಕೇಳಿಸದಿದ್ದರೂ ಹೀಗೇ ತಲೆಯಾಡಿಸುತ್ತಿದ್ದೆ.

ನೀವು ಕಟ್ಟಿಕೊಟ್ಟ ಬುತ್ತಿಯನ್ನು ಬೆಟ್ಟದ ತುದಿಗೆ ಹೋಗಿ ತಿನ್ನೋಣವೆಂದು ಅವನು ಉಳಿಸಿದ್ದ. ಡಬ್ಬಿ ತೆರೆದಿಲ್ಲ. ನಾನೇ ತರಲೇ, ಬೇರೆಯವರ ಕೈಲಿ ಕಳಿಸಲೇ?

ಇನ್ನೂ ಹಾಗೆ ಬರೆದುಕೊಳ್ಳಬಹುದಾದರೆ,
ನಿಮ್ಮ ಮೈದುನ