ಟರ್ಬೈನ್ ಹಾಲ್‌ನ ಕೈಮಾತು

ಅಪ್ಪಾ,

ಯಂತ್ರದ ಸದ್ದಿಗೆ ಮಂದವಾದ ಕಿವಿ ನಿನ್ನದು. ಫೋನಿನಲ್ಲಿ ನೀನೂ ಕಿರುಚುತ್ತೀಯ, ನಾನೂ ಕಿರುಚುತ್ತೇನೆ, ಕೊನೆಗೆ ಇಬ್ಬರೂ ಏನೂ ತಿಳಿಯದೆ "ಸರಿ ಸರಿ" ಎಂದು ಇಟ್ಟುಬಿಡುತ್ತೇವೆ. ಅದಕ್ಕೇ ಈ ಪತ್ರ.

ಅಣೆಕಟ್ಟಿನ ಕೊನೆಯ ಟರ್ಬೈನನ್ನೂ ನಿಲ್ಲಿಸಿದರಂತೆ. ಅಂದಿನಿಂದ ನಿನಗೆ ಊಟ ಸೇರುತ್ತಿಲ್ಲ, "ಇನ್ನು ನನ್ನಿಂದ ಯಾರಿಗೇನು ಉಪಯೋಗ" ಎನ್ನುತ್ತೀಯಂತೆ. ಅಮ್ಮ ಹೇಳಿದಳು.

ಆ ಹಾಲ್‌ನಲ್ಲಿ ಪಕ್ಕದವನ ಮಾತೂ ಕೇಳಿಸದೆ ನೀವೆಲ್ಲ ಕೈಯಲ್ಲೇ ಮಾತಾಡುತ್ತಿದ್ದಿರಿ. ನೀರು ಬಿಡು, ನಿಲ್ಲಿಸು, ಟೀ ಬಂತು, ಸಾಹೇಬರು ಬಂದರು. ಮನೆಗೆ ಬಂದರೂ ಅದೇ ಚಾಳಿ. ಅಮ್ಮ ರೇಗಿದರೆ ನೀನು ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿ "ಲೋಡ್ ಇಳಿಸು" ಎಂದು ಸನ್ನೆ ಮಾಡುತ್ತಿದ್ದೆ. "ಇದೇನ್ರೀ, ಮನೇನೋ ಪವರ್‌ಹೌಸೋ? ಮಾತಾಡಿದ್ರೆ ಬಾಯಿ ಸವೆಯುತ್ತಾ?" ಎಂದು ಅವಳು ಇನ್ನಷ್ಟು ಉರಿದುಬೀಳುತ್ತಿದ್ದಳು.

ಪುಟ್ಟನಿಗೆ ಕಿವಿ ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಇವರು ನಂಬದೆ ಅವನ ಬೆನ್ನ ಹಿಂದೆ ತಟ್ಟೆ ಬಡಿದು ಬಡಿದು ನೋಡಿದರು. ನನ್ನ ಮಗ ನನ್ನೊಂದಿಗೆ ಎಂದೂ ಮಾತಾಡುವುದಿಲ್ಲ ಎಂದು ನಾನು ಒಳಗೊಳಗೇ ಕುಸಿದುಹೋದೆ.

ನೀನೊಬ್ಬನೇ ಅಳಲಿಲ್ಲ. ನಾವು ಊರಿಗೆ ಬಂದಾಗ ನೀನು ಅವನನ್ನು ಎತ್ತಿಕೊಂಡು ಅಣೆಕಟ್ಟಿಗೆ ನಡೆದೆ. ಆಗಿನ್ನೂ ಒಂದು ಯಂತ್ರ ಓಡುತ್ತಿತ್ತು. ಪಾಚಿ ಹಿಡಿದ ಆ ಹಳೆಯ ಕಾಂಕ್ರೀಟ್ ಗೋಡೆಗೆ ಅವನ ಅಂಗೈ ಒತ್ತಿ ಹಿಡಿದೆ. ಗೋಡೆ ಸಣ್ಣಗೆ ನಡುಗುತ್ತಿತ್ತು. ಅವನು ಕಣ್ಣರಳಿಸಿ ನಕ್ಕ. ನೀನು ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿ ತೋರಿಸಿದೆ: ಓಡ್ತಾ ಇದೆ.

ನಿನ್ನೆ ಬೆಳಿಗ್ಗೆ ಅವನು ವಾಷಿಂಗ್ ಮೆಷಿನ್ನಿನ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗಿ, ಪುಟಾಣಿ ಬೆರಳು ಸುತ್ತಿಸಿದ. ಅಪ್ಪಾ, ನನ್ನ ಮಗನ ಮೊದಲ ಮಾತು! ಆಮೇಲೆ ಫ್ರಿಜ್ಜು, ಮಿಕ್ಸಿ, ಪಕ್ಕದ ಮನೆಯವರ ಸ್ಕೂಟರು, ಯಾವುದನ್ನೂ ಬಿಡಲಿಲ್ಲ.

ಸನ್ನೆಭಾಷೆಯ ಶಾಲೆಗೆ ಸೇರಿಸಿದ್ದೇವೆ. "ಮನೇಲೂ ದಿನಾ ಕೈಯಲ್ಲಿ ಮಾತಾಡೋರು ಒಬ್ರು ಬೇಕಮ್ಮಾ" ಎಂದರು ಟೀಚರ್. "ಓಡ್ತಾ ಇದೆ" ಬಿಟ್ಟರೆ ನನಗೆ ಬರುವುದು "ಲೋಡ್ ಇಳಿಸು" ಒಂದೇ. ಅದಕ್ಕೆ ಅವನು ಕ್ಯಾರೇ ಅನ್ನುವುದಿಲ್ಲ, ಥೇಟ್ ಅವನ ಅಜ್ಜಿ. ಅವಳನ್ನೂ ಕರೆದುಕೊಂಡು ಬಂದುಬಿಡು, ಅಪ್ಪಾ. ನಿನ್ನ ಕೆಲಸ ಇನ್ನೂ ಮುಗಿದಿಲ್ಲ.

ಸಂಜೆ ಅವನು ನನ್ನ ಮಡಿಲೇರಿ, ಎದೆಗೆ ಅಂಗೈಯೊತ್ತಿ ಹಿಡಿದ. ಆಮೇಲೆ ನನ್ನ ಮುಖ ನೋಡಿ ಬೆರಳು ಸುತ್ತಿಸಿದ.

ನಿನ್ನ ಕೈಗಳು ನೂರು ಕಾಲ ಗಟ್ಟಿಯಾಗಿರಲಿ.

ದಾರಿ ಕಾಯುತ್ತಿರುವ,
ನಿನ್ನ ಮಗಳು